ಮೊಳದುದ್ದದ ಮಹಾಬಲರು

ಬೆಂಗಳೂರಿನಿಂದ ಬಳ್ಳಾರಿಯ ಹೆದ್ದಾರಿಯನ್ನು ಹಿಡಿದು ಉತ್ತರಾಭಿಮುಖವಾಗಿ ಹೊರಟವರಿಗೆ, ಹೆಬ್ಬಾಳದ ಕೆರೆ ಹಿಂದಾಗಿ, ಯಲಹಂಕದ ಪೇಟೆ ಎಡಕ್ಕೆ ಉಳಿದು, ವಿಮಾನನಿಲ್ದಾಣವು ಇನ್ನೇನು ಬಂದಿತೆನ್ನುವಷ್ಟರಲ್ಲಿ ಚಿಕ್ಕಜಾಲವೆಂಬ ಊರು ಸಿಕ್ಕುತ್ತದೆ. ಅಲ್ಲಿಯ ಪಾಳುಬಿದ್ದ ಕೋಟೆಯನ್ನು ಕಂಡವರು ಕೆಲವರಿದ್ದಾರೆ. ಆದರೆ ಆ ಕೋಟೆಯ ಮೊದಲ ಕಲ್ಲು ಬೀಳುವುದಕ್ಕೆ ಸಾವಿರ ವರ್ಷಕ್ಕೂ ಹೆಚ್ಚು ಹಿಂದೆ, ಅದೇ ಊರಿನ ನೆಲದಲ್ಲಿ ಗುಂಡುಗಳನ್ನು ವರ್ತುಲಾಕಾರವಾಗಿ ಜೋಡಿಸಿ ತಮ್ಮ ಮೃತರಿಗೆ ನೆಲೆ ಕಲ್ಪಿಸಿದ ಜನವೊಂದು ಇದ್ದಿತೆಂಬುದನ್ನೂ, ಆ ಕಾರಣದಿಂದಲೇ ಆ ಸ್ಥಳವು ಪ್ರಾಗಿತಿಹಾಸದ ನಿವೇಶನವೆಂದು ಕೇಂದ್ರ ಪುರಾತತ್ತ್ವ ಇಲಾಖೆಯ ಸಂರಕ್ಷಿತ ಪಟ್ಟಿಯಲ್ಲಿ ಸೇರಿರುವುದನ್ನೂ ಬಲ್ಲವರು ವಿರಳ. 2008ರಲ್ಲಿ ದೇವನಹಳ್ಳಿಯ ವಿಮಾನನಿಲ್ದಾಣ ತೆರೆದಂದಿನಿಂದ ಈ ದಾರಿಯಲ್ಲಿ ನಿಲ್ಲುವ ವ್ಯವಧಾನ ಯಾರಿಗೂ ಇಲ್ಲ. ವಿಮಾನವಾದರೂ ಕಾಯದು, ಶಿಲೆಗಳಾದರೂ ಇಷ್ಟು ಕಾಲ ಕಾದಿರುವಾಗ ಇನ್ನಷ್ಟು ಕಾಯಬಲ್ಲವು ಎಂಬುದು ಪ್ರಯಾಣಿಕರ ಲೆಕ್ಕಾಚಾರವಿರಬಹುದು.

ಇಂಥ ಶಿಲಾಸಮಾಧಿಗಳು ಕನ್ನಡನಾಡಿನ ಉದ್ದಗಲಕ್ಕೂ ಹರಡಿವೆ. ಮೈಸೂರು ಸೀಮೆಯ ಹಳ್ಳಿಗರು ಇವುಗಳನ್ನು ‘ಮೋರಿಯರ ಮನೆ’ ಎಂದು ಕರೆಯುತ್ತಿದ್ದುದನ್ನು, ಬೆಂಗಳೂರಿನಲ್ಲಿಯೇ 1837ರಲ್ಲಿ ಹುಟ್ಟಿ ಈ ನಾಡಿನ ಶಾಸನಗಳಿಗಾಗಿ ಆಯುಷ್ಯವನ್ನು ಸವೆಸಿದ ಬೆಂಜಮಿನ್ ಲೂಯಿಸ್ ರೈಸರು ತಮ್ಮ ಗ್ಯಾಸೆಟಿಯರಿನಲ್ಲಿ ದಾಖಲಿಸಿದ್ದಾರೆ. ನೀಲಗಿರಿಯ ಬಡಗರ ಬಾಯಲ್ಲಿಯೂ ಅದೇ ಹೆಸರು ಕೇಳಿಬರುತ್ತಿತ್ತು. ಗಂಗಾವತಿಯ ಸಮೀಪದ ಹಿರೇಬೆಣಕಲ್ಲಿನಲ್ಲಿ ಸುಮಾರು 400 ಶಿಲಾರಚನೆಗಳನ್ನು ಹೊತ್ತು ನಿಂತಿರುವ ಬೆಟ್ಟಕ್ಕೆ ಇಂದಿಗೂ ಮೋರ್ಯರ ಗುಡ್ಡವೆಂದೇ ಹೆಸರು. ಅಶೋಕನ ಶಾಸನಗಳು 1892ರಲ್ಲಿ ಬ್ರಹ್ಮಗಿರಿಯ ಪರಿಸರದಲ್ಲಿಯೂ, 1915ರಲ್ಲಿ ಮಸ್ಕಿಯಲ್ಲಿಯೂ, ಆಮೇಲೆ ಕೊಪ್ಪಳದಲ್ಲಿಯೂ ದೊರೆತುದರಿಂದ, ಈ ಮೋರಿಯರು ಮಗಧದ ಮೌರ್ಯರೇ ಇರಬೇಕೆಂಬ ಊಹೆ ವಿದ್ವಾಂಸರಲ್ಲಿ ಹುಟ್ಟಿದ್ದು ಸಹಜವೇ. ಆದರೆ ಜನಪದರು ಕಂಡ ಮೋರಿಯರಿಗೆ ಪಾಟಲೀಪುತ್ರದ ಸಿಂಹಾಸನದ ಮೇಲೆ ಕುಳಿತರೆ ಕಾಲು ನೆಲಕ್ಕೆ ಎಟುಕುತ್ತಿರಲಿಲ್ಲ. ಅವರು ಕುಬ್ಜರು, ಮೂರಡಿಯ ಆಳುಗಳು. ಕೆಲವು ಕಥೆಗಳಲ್ಲಂತೂ ಮೊಳದುದ್ದಕ್ಕೂ ಮೀರಿದವರಲ್ಲ.

ಅವರ ಬಲವೆಂಥದು? ತಮಿಳುನಾಡಿನ ಸೇಲಂ ಸೀಮೆಯ ಶಿಲಾಸಮಾಧಿಗಳ ಬಗೆಗೆ ಹತ್ತೊಂಬತ್ತನೆಯ ಶತಮಾನದಲ್ಲಿ ಆಂಗ್ಲ ಅಧಿಕಾರಿಗಳು ಕೇಳಿ ಬರೆದುಕೊಂಡಂತೆ, ಹತ್ತು ಹನ್ನೆರಡು ಆಳು ಮೀಟುಗೋಲು ಹಾಕಿದರೂ ಮಿಸುಕದ ಬಂಡೆಯನ್ನು ಆ ಕುಳ್ಳರು ಹೆಬ್ಬೆರಳ ಸ್ಪರ್ಶಮಾತ್ರದಿಂದ ಸರಿಸುತ್ತಿದ್ದರಂತೆ. ಅಂಥ ಬಲಶಾಲಿಗಳು ಅಳಿದದ್ದು ಶತ್ರುವಿನಿಂದಲ್ಲ, ಬೆಂಕಿಯ ಮಳೆಯಿಂದ. ಆಕಾಶದಿಂದ ಅಗ್ನಿವರ್ಷವಾಗುವುದೆಂಬ ಭಯದಿಂದಲೇ ಅವರು ಹುಲ್ಲು ಹೊದಿಸುವುದನ್ನು ಬಿಟ್ಟು ಗೋಡೆಗೂ ಸೂರಿಗೂ ಕಲ್ಲನ್ನೇ ಹಾಕಿಕೊಂಡರೆಂದೂ, ಆದರೂ ಉಳಿಯಲಿಲ್ಲವೆಂದೂ ಹೇಳುತ್ತಾರೆ. ಯುದ್ಧದಲ್ಲಿ ಸೋತರೆಂದು ಒಂದು ಕಥೆಯೂ ಹೇಳದಿರುವುದನ್ನು ಗಮನಿಸಬೇಕು. ಮನುಷ್ಯಮಾತ್ರದವನಿಗೆ ಅವರನ್ನು ಗೆಲ್ಲುವ ಯೋಗ್ಯತೆ ಇತ್ತೆಂದು ಒಪ್ಪಿಕೊಳ್ಳುವುದಕ್ಕೆ ಕಥೆಗಾರರಿಗೆ ಮನಸ್ಸು ಬರಲಿಲ್ಲವೆಂದು ತೋರುತ್ತದೆ.

ಇದನ್ನು ಅಜ್ಞರ ಕಟ್ಟುಕಥೆಯೆಂದು ತಳ್ಳಿಹಾಕುವುದು ಸುಲಭ. ನನಗೆ ಮಾತ್ರ, ಇದು ಕಣ್ಣಿಟ್ಟು ನೋಡಿದವನು ಕ್ರಮವಾಗಿ ತರ್ಕಿಸಿ ತಲಪಿದ ನಿರ್ಣಯವೆಂದೇ ಅನ್ನಿಸುತ್ತದೆ. ಈ ಬಗೆಯ ಸಮಾಧಿಯ ಕಟ್ಟಡವನ್ನು ಹತ್ತಿರದಿಂದ ನೋಡಬೇಕು. ನಾಲ್ಕು ದೊಡ್ಡ ಚಪ್ಪಡಿಗಳನ್ನು ನಾಲ್ಕು ದಿಕ್ಕಿಗೆ ನೆಟ್ಟಗೆ ನಿಲ್ಲಿಸಿರುತ್ತಾರೆ. ಒಂದೊಂದು ಚಪ್ಪಡಿಯೂ ಒಂದು ಅಂಚಿನಲ್ಲಿ ಪಕ್ಕದ ಚಪ್ಪಡಿಯನ್ನು ದಾಟಿ ಮುಂಚಾಚಿ ಅದಕ್ಕೆ ಆತುಕೊಂಡು ನಿಲ್ಲುವುದರಿಂದ, ಮೇಲಿನಿಂದ ನೋಡಿದರೆ ಸ್ವಸ್ತಿಕದ ಆಕೃತಿ ಕಾಣುತ್ತದೆ. ಹೊರಗಿನ ಮಣ್ಣು ಎಷ್ಟು ಒತ್ತಿದರೂ ಒಂದು ಕಲ್ಲು ಇನ್ನೊಂದನ್ನು ತಡೆಯುತ್ತದೆಯಾಗಿ, ಗಾರೆಯ ಗೊಡವೆಯಿಲ್ಲದೆಯೇ ಕಟ್ಟಡ ಸಹಸ್ರಾರು ವರ್ಷ ನಿಲ್ಲುತ್ತದೆ. ಮೇಲೆ ಮುಚ್ಚಳವಾಗಿ ಒಂದು ಭಾರಿ ಬಂಡೆ. ಮುಂದಿನ ಚಪ್ಪಡಿಯಲ್ಲಿ, ಬಹುಮಟ್ಟಿಗೆ ಪೂರ್ವದ ಕಡೆಗೆ, ದುಂಡಗೆ ಕೊರೆದ ಒಂದು ಕಂಡಿ. ಬೆಳೆದ ಮನುಷ್ಯನು ಅದರಲ್ಲಿ ತಲೆ ತೂರಿಸಿದರೆ ಹೆಗಲು ತಡೆಯುತ್ತದೆ. ದನ ಕಾಯುತ್ತ ಬಂದ ಹಳ್ಳಿಗನು ಇದನ್ನು ನೋಡಿ ಏನೆಂದು ತಿಳಿಯಬೇಕು? ಗೋಡೆಯಿದೆ, ಸೂರಿದೆ, ಬಾಗಿಲಿದೆ. ಆದುದರಿಂದ ಇದು ಮನೆ. ಬಾಗಿಲು ಇಷ್ಟೇ ಇದೆ. ಆದುದರಿಂದ ಇಲ್ಲಿದ್ದವರು ಇಷ್ಟೇ ಎತ್ತರದವರು. ಆದರೆ ಕಲ್ಲುಗಳು ಇಷ್ಟು ತೂಕದವು. ಆದುದರಿಂದ ಆ ಕುಳ್ಳರು ನಮಗಿಂತ ಎಷ್ಟೋ ಪಾಲು ಬಲಿಷ್ಠರು. ಮೊದಲ ಆಧಾರವೊಂದನ್ನು ಬಿಟ್ಟರೆ ನೈಯಾಯಿಕರೂ ಇದರಲ್ಲಿ ಹೆಚ್ಚು ದೋಷ ಹುಡುಕಲಾರರು. ತಪ್ಪಿದ್ದುದು ಮೊದಲನೆಯ ಮೆಟ್ಟಿಲಿನಲ್ಲಿ: ಅದು ಬದುಕಿದವರ ಮನೆಯಲ್ಲ, ಸತ್ತವರದು.

ಆ ತಪ್ಪನ್ನು ಬಿಡಿಸಿಕೊಟ್ಟವು ಗುದ್ದಲಿಗಳು. ಸಾವನದುರ್ಗದ ಶಿಲಾಸಮಾಧಿಗಳನ್ನು ಕುರಿತು ಬ್ರಾನ್‌ಫಿಲ್ ಎಂಬಾತನು 1881ರಲ್ಲಿಯೇ ಲೇಖನ ಬರೆದಿದ್ದನು. ಮಾರ್ಟಿಮರ್ ವ್ಹೀಲರ್ 1947ರಲ್ಲಿ ಚಿತ್ರದುರ್ಗ ಜಿಲ್ಲೆಯ ಬ್ರಹ್ಮಗಿರಿಯನ್ನು ಅಗೆದರು. ಹೊಸಕೋಟೆ ತಾಲ್ಲೂಕಿನ ಜಡಿಗೇನಹಳ್ಳಿಯಲ್ಲಿ 1957ರಲ್ಲಿ ಎಂ. ಶೇಷಾದ್ರಿಯವರು ಉತ್ಖನನ ನಡೆಸಿ ವರದಿ ಪ್ರಕಟಿಸಿದರು. ಇಂಥ ಅಗೆತಗಳಲ್ಲಿ ಮತ್ತೆಮತ್ತೆ ದೊರೆತವು ಒಳಗೆ ಕಪ್ಪು, ಹೊರಗೆ ಕೆಂಪು ಬಣ್ಣದ ನುಣುಪಾದ ಮಡಕೆಗಳು, ಕಬ್ಬಿಣದ ಕತ್ತಿ, ಭರ್ಜಿ, ಕುಡುಗೋಲುಗಳು, ಮಣಿಗಳು, ಬಿಡಿಬಿಡಿಯಾದ ಎಲುಬುಗಳು. ಎಲುಬುಗಳು ನಮ್ಮ ನಿಮ್ಮಂಥವರವು. ಮೋಟರಲ್ಲ, ದೈತ್ಯರೂ ಅಲ್ಲ. ಶವವನ್ನು ಬಹುಶಃ ಮೊದಲು ಬಯಲಿನಲ್ಲಿರಿಸಿ, ಉಳಿದ ಅಸ್ಥಿಗಳನ್ನು ಆಯ್ದು ಈ ಕಲ್ಲಿನ ಕೋಣೆಗೆ ತರುತ್ತಿದ್ದರು. ಕಂಡಿಯು ಅಸ್ಥಿಗೂ ಮಡಕೆಗೂ ಸಾಕಾದಷ್ಟು ದೊಡ್ಡದು. ಮನುಷ್ಯ ನುಸುಳುವುದಕ್ಕಾಗಿ ಅದನ್ನು ಕೊರೆದಿದ್ದೇ ಅಲ್ಲ. ಇನ್ನು ಬಂಡೆಯನ್ನು ಎಬ್ಬಿಸಿದ ಬಲವಾದರೋ, ಬೆಂಗಳೂರಿನ ಸುತ್ತಣ ಕಲ್ಲುಕುಟಿಗರಿಗೆ ನಿನ್ನೆ ಮೊನ್ನೆಯವರೆಗೂ ಗೊತ್ತಿದ್ದ ಬಲವೇ: ಬಂಡೆಯ ಮೇಲೆ ಬೆಂಕಿ ಹಾಕಿ ಕಾಯಿಸಿದರೆ ಅದು ಪದರವಾಗಿ ಏಳುತ್ತದೆ, ಎದ್ದ ಚಪ್ಪಡಿಯನ್ನು ಸನ್ನೆಗೋಲಿನಿಂದ ಮೀಟಿ, ಮರದ ದಿಮ್ಮಿಗಳ ಮೇಲೆ ಉರುಳಿಸಿಕೊಂಡು ಒಯ್ಯಬಹುದು. ಮೋರಿಯರು ಬೆಂಕಿಯಿಂದ ಸತ್ತರೆಂದು ಕಥೆ ಹೇಳುತ್ತದೆ. ಅವರ ಮನೆಯ ಸೂರಂತೂ ಬೆಂಕಿಯಿಂದಲೇ ಹುಟ್ಟಿತು.

ಹಿರೇಬೆಣಕಲ್ಲಿನ ಒಂದು ವಿಶೇಷವನ್ನು ಇಲ್ಲಿ ಹೇಳದೆ ಮುಂದೆ ಹೋಗಲಾರೆ. ಅಲ್ಲಿ ಎತ್ತರವಾದ ಬಂಡೆಯೊಂದರ ನೆತ್ತಿಯ ಮೇಲೆ ಅರ್ಧಗೋಳದ ಆಕಾರದ ಕಲ್ಲಿನ ನಗಾರಿಯೊಂದಿದೆ; ಮರದ ಕೊಡತಿಯಿಂದ ಬಡಿದರೆ ಲೋಹದಂತೆ ಮೊಳಗಿ, ಆ ನಾದ ಬೆಟ್ಟದ ಸಾಲನ್ನು ದಾಟಿ ದೂರದವರೆಗೂ ಕೇಳಿಸುತ್ತದೆ. ಸಾವಿನ ಸುದ್ದಿಗೋ, ಶತ್ರುವಿನ ಸುದ್ದಿಗೋ, ಹಬ್ಬಕ್ಕೋ, ಅದನ್ನು ಬಡಿದ ಕೈಗಳೇ ಬಲ್ಲವು. 2021ರಲ್ಲಿ ಈ ಬೆಟ್ಟ ಯುನೆಸ್ಕೋದ ವಿಶ್ವಪರಂಪರೆಯ ತಾತ್ಕಾಲಿಕ ಪಟ್ಟಿಗೆ ಸೇರಿತು. ಚಿಕ್ಕಜಾಲಕ್ಕೆ ಅಂಥ ಯೋಗ ಬರಲಿಲ್ಲ; ಬೆಟ್ಟವನ್ನು ಏರಿ ನಿಂತ ಕಲ್ಲಿಗೂ ಹೆದ್ದಾರಿಯ ಮಗ್ಗುಲಲ್ಲಿ ಬಿದ್ದ ಕಲ್ಲಿಗೂ ಇರುವ ಅದೃಷ್ಟಭೇದವಿದು.

ಕಲ್ಲಿನ ಸಮಾಧಿಗಳನ್ನು ಅಮಾನುಷರ ಮನೆಯೆಂದು ಬಗೆದವರು ನಮ್ಮವರು ಮಾತ್ರವಲ್ಲ. ಐರ್ಲೆಂಡಿನಲ್ಲಿ ಕ್ರಿಸ್ತಪೂರ್ವ ಸುಮಾರು 3200ರಲ್ಲಿ ಕಟ್ಟಿದ ನ್ಯೂಗ್ರೇಂಜ್ ಎಂಬ ಮಹಾಸಮಾಧಿಯಿದೆ. ಮಕರಸಂಕ್ರಮಣಕ್ಕೆ ಮುಂಚಿನ ಅತ್ಯಂತ ಹ್ರಸ್ವವಾದ ಹಗಲುಗಳಲ್ಲಿ ಉದಯಸೂರ್ಯನ ಕಿರಣವು ಅದರ ಓಣಿಯೊಳಗೆ ಹೊಕ್ಕು ಗರ್ಭವನ್ನು ಬೆಳಗುತ್ತದೆ. ಐರಿಷರ ಪುರಾಣದಲ್ಲಿ ಅದು ಡಾಗ್ಡನ ಅರಮನೆ. ಡಾಗ್ಡನೆಂದರೆ ದಾನು ದೇವಿಯ ಕುಲದವರೆಂದು ಹೆಸರಾದ ಅಮಾನುಷ ಜನಾಂಗದಲ್ಲಿ ಮಹಾಬಲನು: ಅವನ ಕೊಪ್ಪರಿಗೆ ಬರಿದಾಗುವುದಿಲ್ಲ, ಅವನ ದೊಣ್ಣೆಯ ಒಂದು ತುದಿ ಕೊಲ್ಲುತ್ತದೆ, ಇನ್ನೊಂದು ತುದಿ ಬದುಕಿಸುತ್ತದೆ. ಮನುಷ್ಯರು ಬಂದು ಯುದ್ಧದಲ್ಲಿ ಗೆದ್ದಾಗ ದೇಶವನ್ನು ಎರಡು ಪಾಲು ಮಾಡಿದರು. ನೆಲದ ಮೇಲಿನದು ಮನುಷ್ಯರಿಗೆ, ನೆಲದ ಕೆಳಗಿನದು ಆ ದಿವ್ಯರಿಗೆ. ಅಂದಿನಿಂದ ಅವರು ಸಮಾಧಿಯ ದಿಬ್ಬಗಳೊಳಗೆ ಸೇರಿಕೊಂಡು ಯಕ್ಷಕಿನ್ನರರಾದರು. ಇಂಗ್ಲೆಂಡಿನ ಕವಿಗಳ ಕೈಯಲ್ಲಿ ಇಂಥವರು ಹೂವಿನೊಳಗೆ ಮಲಗುವಷ್ಟು ಚಿಕ್ಕವರಾಗಿ, ಬಲವನ್ನೆಲ್ಲ ಕಳೆದುಕೊಂಡು, ಮಕ್ಕಳ ಆಟಿಕೆಯಾದರು. ಕಳೆದ ಶತಮಾನದಲ್ಲಿ ಟೋಲ್ಕಿನ್ ಇದನ್ನು ಸಹಿಸದೆ ತನ್ನ ಕಲ್ಪಿತ ಲೋಕದ ಎಲ್ಫರನ್ನು ಮತ್ತೆ ಎತ್ತರವಾಗಿಸಿದನು. ಸೂರ್ಯಚಂದ್ರರಿಗಿಂತ ಹಿಂದಿನ ಬೆಳಕನ್ನು ರತ್ನಗಳಲ್ಲಿ ಬಂಧಿಸಿದ ಫೆಯನೋರನೂ, ಯುಗಗಳನ್ನು ಕಂಡ ಗಲಾಡ್ರಿಯೆಲಳೂ ಅವರಲ್ಲಿ ಅಗ್ರಗಣ್ಯರು. ಯಾರು ಹೆಚ್ಚು ಬಲಶಾಲಿಯೆಂದು ಆತನ ಓದುಗರು ಇಂದಿಗೂ ವಾದಿಸುತ್ತಾರೆ. ಆದರೆ ಆ ವಾದದ ಬುಡದಲ್ಲಿ, ಬಲಕ್ಕೂ ಎತ್ತರಕ್ಕೂ ನಂಟಿರಲೇಬೇಕೆಂಬ ಒಂದು ಪಾಶ್ಚಾತ್ಯ ನಂಬಿಕೆ ಕುಳಿತಿದೆ.

ನಮ್ಮಲ್ಲಿ ಹಾಗಲ್ಲ. ಮೂರ್ತಿ ಚಿಕ್ಕದಾದರೂ ಕೀರ್ತಿ ದೊಡ್ಡದೆಂಬ ಗಾದೆಯನ್ನು ಆಡುವ ಜನಕ್ಕೆ, ವಾಮನನು ಮೂರು ಹೆಜ್ಜೆಯಲ್ಲಿ ಲೋಕಗಳನ್ನು ಅಳೆದುದೂ, ಗಿಡ್ಡದೇಹದ ಅಗಸ್ತ್ಯನು ಸಮುದ್ರವನ್ನು ಆಪೋಶನ ಮಾಡಿದುದೂ ಆಶ್ಚರ್ಯವೆನಿಸಲಿಲ್ಲ. ಆದರೆ ಈ ವರ್ಗಕ್ಕೆ ಶಿಖರಪ್ರಾಯರು ವಾಲಖಿಲ್ಯರು: ಅಂಗುಷ್ಠಮಾತ್ರದ ಅರವತ್ತು ಸಾವಿರ ಋಷಿಗಳು, ಸೂರ್ಯನ ರಥದ ಸಂಗಡ ಸಂಚರಿಸುವವರು. ಕಶ್ಯಪನ ಯಾಗಕ್ಕೆ ದೇವೇಂದ್ರನು ಪರ್ವತದಷ್ಟು ಸಮಿತ್ತನ್ನು ಅನಾಯಾಸವಾಗಿ ಹೊತ್ತು ಬರುತ್ತಿದ್ದಾಗ, ಇವರೆಲ್ಲ ಸೇರಿ ಒಂದೇ ಒಂದು ಮುತ್ತುಗದ ಕಡ್ಡಿಯನ್ನು ಎಳೆದುಕೊಂಡು ಬರುತ್ತ, ಹಸುವಿನ ಗೊರಸಿನ ಗುರುತಿನಲ್ಲಿ ನಿಂತ ನೀರಿಗೆ ಬಿದ್ದು ಒದ್ದಾಡುತ್ತಿದ್ದರೆಂದೂ, ಇಂದ್ರನು ನಕ್ಕು ಅವರನ್ನು ದಾಟಿ ನಡೆದನೆಂದೂ ಮಹಾಭಾರತದ ಆದಿಪರ್ವ ಹೇಳುತ್ತದೆ. ನಗೆಯ ಬೆಲೆ ದುಬಾರಿಯಾಯಿತು. ನೂರುಪಾಲು ಬಲಶಾಲಿಯಾದ ಇನ್ನೊಬ್ಬ ಇಂದ್ರನು ಹುಟ್ಟಲೆಂದು ಅವರು ಹೋಮಕ್ಕೆ ಕುಳಿತರು. ಇಂದ್ರನು ಕಶ್ಯಪನ ಮೊರೆಹೊಕ್ಕನು. ಹುಟ್ಟಲಿರುವವನು ಪಕ್ಷಿಗಳಿಗೆ ಇಂದ್ರನಾಗಲೆಂದು ಸಂಧಾನವಾಗಿ, ಗರುಡನು ಜನಿಸಿದನು. ಆ ಗರುಡನೇ ಮುಂದೆ ಆನೆಯನ್ನೂ ಆಮೆಯನ್ನೂ ಹಿಡಿದು ಆಲದ ಕೊಂಬೆಯ ಮೇಲೆ ಕುಳಿತಾಗ ಕೊಂಬೆ ಮುರಿಯಿತು. ಅದರಲ್ಲಿ ತಲೆಕೆಳಗಾಗಿ ಜೋತು ತಪಸ್ಸು ಮಾಡುತ್ತಿದ್ದ ವಾಲಖಿಲ್ಯರನ್ನು ಕಂಡು, ದೇವಲೋಕವನ್ನು ನಡುಗಿಸಲಿದ್ದ ಆ ಪಕ್ಷಿರಾಜನು ಕೊಂಬೆಯನ್ನು ಕೊಕ್ಕಿನಲ್ಲಿ ಕಚ್ಚಿಕೊಂಡು, ಇಳಿಸಲು ಜಾಗವಿಲ್ಲದೆ ಆಕಾಶದಲ್ಲಿ ಅಲೆದನು. ಫೆಯನೋರನ ಹಗೆಯನ್ನು ಎದುರಿಸಿದವರಿದ್ದರು. ವಾಲಖಿಲ್ಯರ ಸಿಟ್ಟನ್ನು ಎದುರಿಸುವ ಎದೆ ಯಾರಿಗೂ ಇರಲಿಲ್ಲ. ಮೋರಿಯರ ಕಥೆಯನ್ನು ಕಟ್ಟಿದವರು ಆದಿಪರ್ವವನ್ನು ಕೇಳಿದ್ದರೋ ಇಲ್ಲವೋ, ಅವರ ಮನಸ್ಸು ಹರಿದದ್ದು ಇದೇ ಕಾಲುವೆಯಲ್ಲಿ.

ಹೆಸರನ್ನು ಅಕ್ಷರದಲ್ಲಿ ಉಳಿಸಿಕೊಂಡವರ ಗತಿ ಬೇರೆ. 2018ರಲ್ಲಿ ಹೆಬ್ಬಾಳದಲ್ಲಿ ಚರಂಡಿಯ ಅಗೆತದ ವೇಳೆ ವೀರಗಲ್ಲೊಂದು ಹೊರಬಿದ್ದಿತು. ಗಂಗರ ಶ್ರೀಪುರುಷನ ಆಳಿಕೆಯ ಕಾಲದ, ಸು. 750ರದೆಂದು ಎಣಿಸಲಾದ ಆ ಕಲ್ಲಿನಲ್ಲಿ, ಪೆರ್ಬೊಳಲ್‌ನಾಡನ್ನು ಕಾಯುತ್ತ ಹೋರಾಡಿ ಮಡಿದ ಕಿತ್ತಯ್ಯನೆಂಬ ವೀರನ ಹೆಸರಿದೆ. ಊರವರೂ ಶಾಸನಾಸಕ್ತರೂ ಸೇರಿ ಅದಕ್ಕೆ ಮಂಟಪದ ನೆರಳನ್ನು ಒದಗಿಸಿದರು. ಅಕ್ಷರವಿದ್ದುದರಿಂದ ಕಿತ್ತಯ್ಯನು ಮನುಷ್ಯನಾಗಿಯೇ ಉಳಿದನು. ಹನ್ನೆರಡೂವರೆ ಶತಮಾನ ಮಣ್ಣಿನಲ್ಲಿ ಹೂತಿದ್ದರೂ, ಎದ್ದಾಗ ಅವನನ್ನು ಯಾರೂ ಕುಬ್ಜನೆನ್ನಲಿಲ್ಲ, ಗಂಧರ್ವನೆನ್ನಲಿಲ್ಲ. ಅಲ್ಲಿಂದ ಕೆಲವು ಹರದಾರಿ ಉತ್ತರಕ್ಕೆ, ಚಿಕ್ಕಜಾಲದಲ್ಲಿ, ಈ ನಾಡಿಗೆ ಅಕ್ಷರ ಬರುವುದಕ್ಕೆ ಮೊದಲೇ ಮಲಗಿದವರಿಗೆ ಆ ಭಾಗ್ಯವಿಲ್ಲ. ಅವರಿಗೆ ಜನ ಕೊಟ್ಟ ಹೆಸರೇ ಹೆಸರು, ಜನ ಕೊಟ್ಟ ಎತ್ತರವೇ ಎತ್ತರ.

ಆ ಹೆಸರೂ ಸ್ಥಿರವಾಗಿ ನಿಲ್ಲಲಿಲ್ಲ. ಊರೂರಿನ ಜಗಲಿಯಲ್ಲಿ ಭಾರತವಾಚನ ನಡೆದು, ಕುಮಾರವ್ಯಾಸನು ಮನೆಮಾತಾದಂತೆಲ್ಲ, ಮೋರಿಯರ ಮನೆಗಳು ಹಲವೆಡೆ ಪಾಂಡವರ ಮನೆಗಳಾದವು. ಕೊಡಗಿನಲ್ಲಿ ಅವು ಪಾಂಡುಪಾರೆಗಳು. ವನವಾಸದಲ್ಲಿ ಅಲೆದ ಐವರು ಈ ದೇಶದ ಯಾವ ಬೆಟ್ಟದಲ್ಲಿ ತಂಗಲಿಲ್ಲ, ಯಾವ ಬಂಡೆಯನ್ನು ಎತ್ತಲಿಲ್ಲ! ಬಂಡೆಯ ತೂಕಕ್ಕೆ ಭೀಮಸೇನನ ತೋಳು ತಕ್ಕ ಸಮಾಧಾನವೇ. ಆದರೆ ಅವನ ಮೈಗೆ ಆ ಕಂಡಿಯಲ್ಲಿ ದಾರಿ ಎಲ್ಲಿಯದೆಂದು ಮಕ್ಕಳು ಕೇಳಿದರೆ ಹಿರಿಯರು ಮಾತು ಬದಲಾಯಿಸಬೇಕಾಗುತ್ತದೆ. ಮೋರಿಯರ ಕಾಲದಲ್ಲಿ ಆ ತೊಡಕಿರಲಿಲ್ಲ.