ಮುತ್ಯಾನ ಕಟ್ಟೆ

ಜಮಖಂಡಿಯ ನಮ್ಮ ಮನೆಯ ಮುಂದೆ ಕಲ್ಲಿನ ಕಟ್ಟೆಯೊಂದಿತ್ತು. ಎತ್ತರ ಮೊಣಕಾಲಿನಷ್ಟು, ಅಗಲ, ಒಬ್ಬರು ಕಾಲು ಮಡಚಿ ಕೂಡುವಷ್ಟು. ನಮ್ಮ ಮುತ್ಯಾ ಮುಪ್ಪಿನ ಹತ್ತು ವರ್ಷಗಳನ್ನು ಅದರ ಮೇಲೆಯೇ ಕಳೆದರು. ಕಣ್ಣು ಮಂಜಾದ ಮೇಲೂ ಹಾದುಹೋಗುವವರನ್ನು ಹೆಜ್ಜೆಯ ಸಪ್ಪಳದಿಂದಲೇ ಗುರುತಿಸಿ ಮಾತನಾಡಿಸುವರು. ಒಂದು ದಿನ ಅವರು ಕಾಣದಿದ್ದರೆ ಹಾಲಿನವನು ಬಾಗಿಲಲ್ಲಿ ನಿಂತು, "ಯಾಕ್ರೀ, ಅಜ್ಜಾರಿಗೆ ಆರಾಮಿಲ್ಲೇನು?" ಎಂದು ಕೇಳುವನು.

ಮುತ್ಯಾ ಹುಟ್ಟಿದ್ದು ಪಟವರ್ಧನರ ಸಂಸ್ಥಾನದಲ್ಲಿ. ೧೯೪೮ರಲ್ಲಿ ಸಂಸ್ಥಾನವು ಮುಂಬಯಿ ಪ್ರಾಂತದಲ್ಲಿ ವಿಲೀನವಾಯಿತು. ೧೯೫೬ರಲ್ಲಿ ಊರು ಮೈಸೂರು ರಾಜ್ಯಕ್ಕೆ ಸೇರಿತು. ಅರಸರ ಸುದ್ದಿ ಚರಿತ್ರೆಯ ಪುಟಗಳಲ್ಲಿ ಸಿಕ್ಕೀತು. ಮನೆಗೂ ಬೀದಿಗೂ ನಡುವಿನ ಆ ಎರಡು ಮೊಳ ಕಲ್ಲಿನ ಸುದ್ದಿಯನ್ನು ಯಾರು ಬರೆದಾರು? ಆದರೆ ಮುದುಕರ ಪಾಲಿಗೆ ಊರೆಂದರೆ ಅದೇ ಆಗಿತ್ತು.

ನೆರೆಯ ರಬಕವಿ-ಬನಹಟ್ಟಿಗಳ ನೇಕಾರರಲ್ಲಿಯೂ ಹೀಗೆಯೇ. ಕುಣಿಮಗ್ಗ ಮನೆಯೊಳಗೇ ಇತ್ತು. ಮಗ್ಗ ತುಳಿಯುವ ಕಾಲು ಸೋತರೂ ಕಂಡಿಕೆ ಸುತ್ತುವ ಕೈ ಉಳಿಯುತ್ತಿತ್ತು. ಹಿರಿಯರು ಮನೆಯ ದುಡಿಮೆಗಾಗಲಿ ಓಣಿಯ ಮಾತಿಗಾಗಲಿ ಹೊರಗಾಗಲಿಲ್ಲ. ವಿದ್ಯುತ್ ಮಗ್ಗಗಳು ಬಂದ ಮೇಲೆ ಆ ಕೆಲಸ ಬಹುಮಟ್ಟಿಗೆ ಯಂತ್ರದ ಪಾಲಾಯಿತು.

ಹಿಂದಿನದೆಲ್ಲ ಚೆಂದವಿತ್ತೆಂದು ನಾನು ಹೇಳಲಾರೆ. ಎಲ್ಲ ಜಾತಿಯವರೂ ಎಲ್ಲ ಕಟ್ಟೆಗಳ ಮೇಲೆ ಕೂಡುವಂತಿರಲಿಲ್ಲ. ನಮ್ಮ ಅಜ್ಜಿಗೂ ಮುತ್ಯಾನಷ್ಟೇ ಮುಪ್ಪು. ಆದರೂ ಅವಳು ಕೊನೆಯವರೆಗೆ ಹೊಸ್ತಿಲ ಒಳಗೇ ಕುಳಿತು, ಬಾಗಿಲ ಸಂದಿಯಿಂದ ಬೀದಿಯನ್ನು ನೋಡಿದಳು.

೧೯೭೨ರ ಸುಮಾರಿಗೆ ನಮ್ಮ ರಸ್ತೆ ಅಗಲವಾಗಿ ಕಟ್ಟೆ ಹೋಯಿತು. ವಾಹನಗಳಿಗೆ ದಾರಿ ಬೇಕು, ನಿಜ. ಆದರೆ ಅದರ ಸ್ಥಳದಲ್ಲಿ ಗಟಾರ ಬಂದಿತು. ಅದರ ಮೇಲಿನ ಅಲುಗುವ ಚಪ್ಪಡಿಯನ್ನು ದಾಟಲು ಮುತ್ಯಾನಿಗೆ ಧೈರ್ಯ ಸಾಲಲಿಲ್ಲ. ಒಳಗೇ ಉಳಿದರು. ಮನೆ ಬಿಡದೆಯೇ ಅವರು ಊರು ಬಿಟ್ಟಂತಾಯಿತು.

ಮುಂದೆ ಇದೇ ಸೀಮೆಯಲ್ಲಿ ಓಣಿಗೆ ಓಣಿಯೇ ಎದ್ದುಹೋದುದನ್ನೂ ಕಂಡೆ. ಕೃಷ್ಣೆಗೆ ಆಲಮಟ್ಟಿಯಲ್ಲಿ ಅಣೆಕಟ್ಟಾಗಿ, ಬಾಗಲಕೋಟೆಯ ತಗ್ಗಿನ ಭಾಗವೂ ಬೀಳಗಿ ತಾಲೂಕಿನ ಹಲವು ಹಳ್ಳಿಗಳೂ ಹಿನ್ನೀರಿಗೆ ಸಿಕ್ಕವು. ಬಾಗಲಕೋಟೆಯವರಿಗಾಗಿ ನವನಗರವೆದ್ದಿತು. ಅಲ್ಲಿ ಅಗಲವಾದ ನೇರ ರಸ್ತೆಗಳಿವೆ, ಅಂಕಿಯಿಂದ ಗುರುತಿಸುವ ಸೆಕ್ಟರುಗಳಿವೆ. ಹೋದ ಮನೆಗೆ ಪರಿಹಾರ ಕಟ್ಟಬಹುದು. ಹೆಜ್ಜೆಯ ಸಪ್ಪಳ ಬಲ್ಲ ನೆರೆಗೆ ಬೆಲೆ ಕಟ್ಟುವುದು ಹೇಗೆ?

ಇದು ನಮ್ಮೊಬ್ಬರ ಚಿಂತೆಯಲ್ಲ. ವಿಶ್ವ ಆರೋಗ್ಯ ಸಂಸ್ಥೆಯು ದಿಲ್ಲಿ, ಉದಯಪುರಗಳೂ ಸೇರಿ ೩೩ ನಗರಗಳ ಹಿರಿಯರನ್ನು ವಿಚಾರಿಸಿ, ೨೦೦೭ರಲ್ಲಿ ಒಂದು ಕೈಪಿಡಿಯನ್ನು ಹೊರತಂದಿತು. ಹಿರಿಯರು ಕೇಳಿದ್ದು ಅರಮನೆಯನ್ನಲ್ಲ. ಕೂಡಲು ಆಸನ, ಎಡವದ ಕಾಲುದಾರಿ, ರಸ್ತೆ ದಾಟಲು ಸಾಕಷ್ಟು ಹೊತ್ತು, ಹತ್ತಿರದಲ್ಲೊಂದು ಶುಚಿಯಾದ ಶೌಚಾಲಯ, ಇಷ್ಟೇ. ಓದಿದಾಗ ನನಗೆ ಮುತ್ಯಾನ ದನಿಯೇ ಕೇಳಿಸಿತು.

ಇದ್ದಲ್ಲಿಯೇ ಮುಪ್ಪಾಗಬೇಕೆಂಬುದು ಎಲ್ಲರ ಆಸೆ. ಅದಕ್ಕೆ ಸೂರೊಂದೇ ಸಾಲದು. ಬಾಗಿಲಿನಾಚೆಗೆ ಹತ್ತು ಹೆಜ್ಜೆ ನಡೆದು ಕೂಡಲು ಒಂದು ನೆಲೆ ಬೇಕು. ನಮ್ಮ ಪೇಟೆಯ ಬೇವಿನ ನೆರಳಿಗೆ ಮೊಣಕಾಲೆತ್ತರದ ಕಟ್ಟೆಯೊಂದನ್ನು ಕಟ್ಟಿ, ಅದರ ಮೇಲೆ ಯಾವ ಓಣಿಯ ಅಜ್ಜನಾದರೂ, ಯಾವ ಮನೆಯ ಅಜ್ಜಿಯಾದರೂ ಸಂಕೋಚವಿಲ್ಲದೆ ಕೂಡುವಂತಾದರೆ, ಅದು ಮುತ್ಯಾನ ಕಟ್ಟೆಗಿಂತಲೂ ದೊಡ್ಡದೇ ಸರಿ.