ಫೋರ್ಟಿನ ನಿಸರ್ಗ ಸಂಗ್ರಾಹಕರ ಸಂಘವೂ ಅದರ ಬಳಗದ ಸ್ತ್ರೀಯರೂ

ಮುಂಬಯಿಯ ಫೋರ್ಟ್ ಭಾಗವು ವ್ಯಾಪಾರಕ್ಕೂ ನ್ಯಾಯಸ್ಥಾನಕ್ಕೂ ಹೆಸರಾದುದು. ಹತ್ತೊಂಬತ್ತನೆಯ ಶತಮಾನದಲ್ಲಿ ಅದು ಸಂಗ್ರಾಹಕರ ನೆಲೆಯೂ ಆಗಿದ್ದಿತು. ಟೌನ್ ಹಾಲಿನಲ್ಲಿ ಏಷಿಯಾಟಿಕ್ ಸೊಸೈಟಿಯವರು ಗ್ರಂಥಗಳನ್ನೂ ಹಸ್ತಪ್ರತಿಗಳನ್ನೂ ನಾಣ್ಯಗಳನ್ನೂ ಕೂಡಿಸಿದರು. ಅಲ್ಲಿಂದ ಅನತಿದೂರದಲ್ಲಿ ಬಾಂಬೆ ನ್ಯಾಚುರಲ್ ಹಿಸ್ಟರಿ ಸೊಸೈಟಿಯವರು ಹಕ್ಕಿ, ಹಾವು, ಚಿಟ್ಟೆಗಳನ್ನು ಕೂಡಿಸಿದರು. ಇಂತಹ ಸಂಘಗಳ ಚರಿತ್ರೆಯನ್ನು ಸದಸ್ಯರ ಪಟ್ಟಿಯಿಂದಲೂ ವಸ್ತುಗಳ ಪಟ್ಟಿಯಿಂದಲೂ ಬರೆಯುವುದು ವಾಡಿಕೆ. ಆ ಸದಸ್ಯರ ಮನೆಗಳ ಕಡೆಗೂ ದೃಷ್ಟಿಯನ್ನು ಹಾಯಿಸಿದರೆ, ಮುಂಬಯಿಯ ಸ್ತ್ರೀಯರ ಸಾಮಾಜಿಕ ಕಾರ್ಯದ ಒಂದು ಮುಖ್ಯ ಅಧ್ಯಾಯವು ನಮ್ಮ ಕಣ್ಣಿಗೆ ಬೀಳುತ್ತದೆ.

ನ್ಯಾಚುರಲ್ ಹಿಸ್ಟರಿ ಸೊಸೈಟಿಯು 1883ನೆಯ ಸೆಪ್ಟೆಂಬರ್ 15ರಂದು ಬೈಕಳದ ವಿಕ್ಟೋರಿಯಾ ಆ್ಯಂಡ್ ಆಲ್ಬರ್ಟ್ ಮ್ಯೂಜಿಯಮಿನಲ್ಲಿ ಸ್ಥಾಪಿತವಾಯಿತು. ಸ್ಥಾಪಕರು ಎಂಟು ಜನ, ಅವರಲ್ಲಿ ಡಾ. ಆತ್ಮಾರಾಮ ಪಾಂಡುರಂಗ, ಡಾ. ಸಖಾರಾಮ ಅರ್ಜುನ ಎಂಬ ಇಬ್ಬರು ಭಾರತೀಯ ವೈದ್ಯರು. ಸ್ತ್ರೀಯರು ಒಬ್ಬರೂ ಇರಲಿಲ್ಲ. ಮರುವರ್ಷ ಎಚ್. ಎಂ. ಫಿಪ್ಸನ್ ಎಂಬ ಮದ್ಯವ್ಯಾಪಾರಿಯು ಫೋರ್ಟಿನ ಫೋರ್ಬ್ಸ್ ಸ್ಟ್ರೀಟಿನಲ್ಲಿದ್ದ ತನ್ನ ಅಂಗಡಿಯಲ್ಲಿ ಈ ಸಂಘಕ್ಕೆ ಸ್ಥಳ ಕೊಟ್ಟನು. 1886ರಿಂದ 1906ರವರೆಗೆ ಕಾರ್ಯದರ್ಶಿಯಾಗಿ ಸಂಘವನ್ನು ಬೆಳೆಸಿದವನೂ ಅವನೇ. ಮುಂದೆ ಸಂಘವು ಅಪೊಲೊ ಸ್ಟ್ರೀಟಿನ ಕಟ್ಟಡದಲ್ಲಿ ನೆಲೆಗೊಂಡಿತು.

ಈ ಸಂಘಕ್ಕೂ ಕನ್ನಡನಾಡಿಗೂ ಹಳೆಯ ನಂಟು. ಉತ್ತರ ಕನ್ನಡ ಜಿಲ್ಲೆಯು 1862ರಲ್ಲಿ ಮುಂಬಯಿ ಇಲಾಖೆಗೆ ಸೇರಿತಷ್ಟೆ. ಸಂಘದ ಮೊದಲ ಕಾರ್ಯದರ್ಶಿ ಇ. ಎಚ್. ಏಟ್ಕನ್, ಜಿಲ್ಲೆಯ ಕಲೆಕ್ಟರನಾಗಿದ್ದ ಡೇವಿಡ್ಸನ್, ಅರಣ್ಯಾಧಿಕಾರಿ ಬೆಲ್ ಈ ಮೂವರೂ ಕೂಡಿ ಆ ಜಿಲ್ಲೆಯ ಚಿಟ್ಟೆಗಳ ವಿವರವನ್ನು ಸಂಘದ ಪತ್ರಿಕೆಯಲ್ಲಿ ಪ್ರಕಟಿಸಿದರು. 1894ರಲ್ಲಿ ಕಾರವಾರದಿಂದ ಒಂದು ಮಂಗಟ್ಟೆ ಹಕ್ಕಿಯ ಮರಿ ಸಂಘಕ್ಕೆ ಕಾಣಿಕೆಯಾಗಿ ಬಂದಿತು. ‘ವಿಲಿಯಂ’ ಎಂಬ ಹೆಸರಿನಿಂದ ಅದು 1920ರವರೆಗೆ ಫೋರ್ಟಿನಲ್ಲಿ ಬಾಳಿತು. ಸಂಘದ ಲಾಂಛನದಲ್ಲಿ ಇಂದಿಗೂ ಕಾಣುವುದು ಮಂಗಟ್ಟೆಯೇ. ಹಕ್ಕಿಯ ಹುಟ್ಟೂ ಸಾವೂ ಆಹಾರವೂ ಹೀಗೆ ಲಿಖಿತವಾಗಿ ಉಳಿದಿವೆ. ಅದೇ ಬಳಗದ ಸ್ತ್ರೀಯರ ಬಾಳನ್ನು ಮಾತ್ರ ಬೇರೆಡೆಯಿಂದ ಆಯ್ದುಕೊಳ್ಳಬೇಕಾಗುತ್ತದೆ.

ಮೊದಲು ಸ್ಥಾಪಕರ ಮನೆಗಳನ್ನು ನೋಡಬಹುದು. ಆತ್ಮಾರಾಮ ಪಾಂಡುರಂಗರು 1867ರಲ್ಲಿ ಪ್ರಾರ್ಥನಾ ಸಮಾಜವನ್ನು ಸ್ಥಾಪಿಸಿದವರು. ಅವರ ಮಗಳು ಅನ್ನಪೂರ್ಣಾ 1878ರಲ್ಲಿ ತರುಣ ರವೀಂದ್ರನಾಥ ಠಾಕೂರರಿಗೆ ಇಂಗ್ಲಿಷ್ ಸಂಭಾಷಣೆಯನ್ನು ಕಲಿಸಿದರು. ಸಖಾರಾಮ ಅರ್ಜುನರು ಸಸ್ಯಶಾಸ್ತ್ರಜ್ಞರು. ಗ್ರಾಂಟ್ ಮೆಡಿಕಲ್ ಕಾಲೇಜಿನಲ್ಲಿ ಬೋಧಕರಾಗಿದ್ದವರು. ಅವರು ವಿಧವೆಯಾದ ಜಯಂತೀಬಾಯಿಯವರನ್ನು ವಿವಾಹವಾದರು. ಜಯಂತೀಬಾಯಿಯವರ ಮೊದಲ ಮದುವೆಯ ಮಗಳೇ ರಖಮಾಬಾಯಿ. 1864ರಲ್ಲಿ ಜನಿಸಿದ ಈ ಬಾಲಕಿಗೆ ಹನ್ನೊಂದನೆಯ ವಯಸ್ಸಿನಲ್ಲಿ ದಾದಾಜಿ ಭಿಕಾಜಿಯೊಡನೆ ಮದುವೆಯಾಯಿತು. ಆಕೆ ಗಂಡನ ಮನೆಗೆ ಹೋಗದೆ ಮಲತಂದೆಯ ಮನೆಯಲ್ಲಿಯೇ ಓದಿ ಬೆಳೆದರು. ತಾಯಿಯೊಡನೆ ಪ್ರಾರ್ಥನಾ ಸಮಾಜ, ಆರ್ಯ ಮಹಿಳಾ ಸಮಾಜಗಳ ಕೂಟಗಳಿಗೆ ಹೋಗುತ್ತಿದ್ದರು.

1884ರಲ್ಲಿ ದಾದಾಜಿಯು ಹೆಂಡತಿಯನ್ನು ತನ್ನ ವಶಕ್ಕೆ ಒಪ್ಪಿಸಬೇಕೆಂದು ವ್ಯಾಜ್ಯವನ್ನು ಹೂಡಿದನು. ಫೋರ್ಟಿನ ಹೈಕೋರ್ಟಿನಲ್ಲಿ ನ್ಯಾಯಮೂರ್ತಿ ಪಿನ್ಹಿ 1885ರಲ್ಲಿ ರಖಮಾಬಾಯಿಯವರ ಪಕ್ಷವನ್ನು ಎತ್ತಿಹಿಡಿದನು. ಅದೇ ವರ್ಷ ಸಖಾರಾಮ ಅರ್ಜುನರು ತೀರಿಕೊಂಡರು. ರಖಮಾಬಾಯಿಯವರು ‘ಹಿಂದೂ ಮಹಿಳೆ’ ಎಂಬ ಗುಪ್ತನಾಮದಿಂದ ‘ಟೈಮ್ಸ್ ಆಫ್ ಇಂಡಿಯಾ’ಕ್ಕೆ ಪತ್ರಗಳನ್ನು ಬರೆದು ಬಾಲ್ಯವಿವಾಹವನ್ನೂ ವಿಧವೆಯರ ದುಃಸ್ಥಿತಿಯನ್ನೂ ಖಂಡಿಸಿದುದು ಆ ವರ್ಷದಲ್ಲಿಯೇ. ಮೇಲ್ಮನವಿಯಲ್ಲಿ ತೀರ್ಪು ತಿರುಗಿತು. 1887ರ ಮಾರ್ಚಿನಲ್ಲಿ ನ್ಯಾಯಮೂರ್ತಿ ಫ್ಯಾರನ್ನನು, ಗಂಡನ ಮನೆಗೆ ಹೋಗು, ಇಲ್ಲವೇ ಆರು ತಿಂಗಳ ಸೆರೆವಾಸ ಎಂದು ಆಜ್ಞೆ ಮಾಡಿದನು. ಅರಿಯದ ವಯಸ್ಸಿನಲ್ಲಿ ತನ್ನ ಸಮ್ಮತಿಯಿಲ್ಲದೆ ನಡೆದ ವಿವಾಹಕ್ಕಿಂತ ಸೆರೆಯೇ ಲೇಸೆಂದು ಆಕೆ ನಿಂತರು. ಕೊನೆಗೆ 1888ರಲ್ಲಿ 2000 ರೂಪಾಯಿಗಳನ್ನು ಕೊಟ್ಟು ವ್ಯಾಜ್ಯವನ್ನು ರಾಜಿಯಲ್ಲಿ ಮುಗಿಸಲಾಯಿತು.

ಈ ಸಂದರ್ಭದಲ್ಲಿ ಅವರ ಬೆಂಬಲಕ್ಕೆ ನಿಂತವರಲ್ಲಿ ವೈದ್ಯೆ ಈಡಿತ್ ಪೀಚಿಯವರು ಪ್ರಮುಖರು. 1870ರಲ್ಲಿ ಎಡಿನ್‌ಬರೊ ವಿಶ್ವವಿದ್ಯಾಲಯದ ರಸಾಯನಶಾಸ್ತ್ರದ ಪರೀಕ್ಷೆಯಲ್ಲಿ ಅವರಿಗೆ ಸಲ್ಲಬೇಕಾಗಿದ್ದ ಹೋಪ್ ವಿದ್ಯಾರ್ಥಿವೇತನವು, ಅವರು ಸ್ತ್ರೀಯೆಂಬ ಕಾರಣದಿಂದ, ಇನ್ನೊಬ್ಬನ ಪಾಲಾಗಿದ್ದಿತು. ಸೊಸೈಟಿ ಸ್ಥಾಪಿತವಾದ ಮೂರನೆಯ ತಿಂಗಳಲ್ಲಿ, 1883ರ ಡಿಸೆಂಬರಿನಲ್ಲಿ, ಅವರು ಮುಂಬಯಿಗೆ ಬಂದಿಳಿದರು. ಪುರುಷ ವೈದ್ಯರೆದುರು ಬಾರದ ಹೆಂಗಸರಿಗೂ ಅವರ ಮಕ್ಕಳಿಗೂ ಸ್ತ್ರೀವೈದ್ಯರಿಂದ ಚಿಕಿತ್ಸೆ ದೊರಕಿಸಬೇಕೆಂಬ ಉದ್ದೇಶದಿಂದ ಏರ್ಪಟ್ಟ ಕಾಮಾ ಆಸ್ಪತ್ರೆಯು 1886ರಲ್ಲಿ ತೆರೆಯಿತು. ಅಲ್ಲಿ ಅವರು ದಾದಿಯರ ಶಿಕ್ಷಣವನ್ನು ಆರಂಭಿಸಿದರು. ಸ್ತ್ರೀವೈದ್ಯರಿಗೆ ಸಮಾನ ವೇತನಕ್ಕಾಗಿ ವಾದಿಸಿದರು. ಬಾಲ್ಯವಿವಾಹವನ್ನು ವಿರೋಧಿಸಿ ಉಪನ್ಯಾಸ ಮಾಡಿದರು. ಮುಂಬಯಿ ವಿಶ್ವವಿದ್ಯಾಲಯದ ಸೆನೆಟ್ಟಿಗೆ ಆಯ್ಕೆಯಾದ ಮೊದಲ ಸ್ತ್ರೀ ಅವರೇ. ರಖಮಾಬಾಯಿಯವರು ವೈದ್ಯಶಿಕ್ಷಣವನ್ನು ಪಡೆಯುವಂತೆ ಪ್ರೋತ್ಸಾಹಿಸಿ ಅದಕ್ಕೆ ಹಣವನ್ನು ಕೂಡಿಸಲು ನೆರವಾದರು. 1889ರಲ್ಲಿ ಪೀಚಿಯವರು ಫಿಪ್ಸನ್ನನನ್ನು ವಿವಾಹವಾದರು. ಅದೇ ವರ್ಷ ರಖಮಾಬಾಯಿಯವರು ಲಂಡನ್ನಿಗೆ ಪ್ರಯಾಣ ಬೆಳೆಸಿದರು.

ಸೊಸೈಟಿಯೇ ಈ ಹೋರಾಟವನ್ನು ನಡೆಸಿತೆಂದು ಹೇಳುವುದು ಸಲ್ಲದು. ಅದರ ಉದ್ದೇಶ ನಿಸರ್ಗದ ಅಧ್ಯಯನ. ಆದರೆ ಹಾವು, ಚಿಟ್ಟೆಗಳನ್ನು ಕೂಡಿಸಲು ಜಾತಿಮತಗಳ ಗಡಿಯನ್ನು ದಾಟಿ ಕಲೆತ ವೈದ್ಯರೂ ವರ್ತಕರೂ ಅಧಿಕಾರಿಗಳೂ ಆ ಕಾಲದ ನಗರದಲ್ಲಿ ಒಂದು ಹೊಸ ಪರಿಚಯವಲಯಕ್ಕೆ ಸೇರಿದವರು. ಸಂಘದ ಸ್ಥಾಪಕನ ಮಲಮಗಳಿಗೆ ಸಂಘದ ಕಾರ್ಯದರ್ಶಿಯ ಭಾವೀಪತ್ನಿ ನೆರವಾದುದು ಈ ವಲಯವು ಎಷ್ಟು ನಿಕಟವಾಗಿದ್ದಿತೆಂಬುದನ್ನು ತೋರಿಸುತ್ತದೆ. ಪುರುಷರು ಆ ಪರಿಚಯವನ್ನು ಶಾಸ್ತ್ರಕ್ಕೆ ಬಳಸಿದರು; ಸ್ತ್ರೀಯರು ತಮ್ಮ ವಲಯದ ಬಲವನ್ನು ಆಸ್ಪತ್ರೆಗೂ ಶಿಕ್ಷಣಕ್ಕೂ ವಿವಾಹದಲ್ಲಿ ಸಮ್ಮತಿಯ ಹಕ್ಕಿಗೂ ಬಳಸಿದರು.

ರಖಮಾಬಾಯಿಯವರು 1894ರಲ್ಲಿ ವೈದ್ಯಪದವೀಧರರಾಗಿ ಮರಳಿ, ಸೂರತ್, ರಾಜಕೋಟೆಗಳ ಸ್ತ್ರೀ ಆಸ್ಪತ್ರೆಗಳಲ್ಲಿ ದೀರ್ಘಕಾಲ ಸೇವೆ ಸಲ್ಲಿಸಿ 1955ರಲ್ಲಿ ತೀರಿಕೊಂಡರು. ಅವರ ವ್ಯಾಜ್ಯವೆಬ್ಬಿಸಿದ ಚರ್ಚೆಯು 1891ರ ಸಮ್ಮತಿವಯಸ್ಸಿನ ಕಾಯಿದೆಗೆ ಭೂಮಿಕೆಯಾಯಿತು. ಪೀಚಿ ಫಿಪ್ಸನ್ನರು 1908ರಲ್ಲಿ ಇಂಗ್ಲೆಂಡಿನಲ್ಲಿ ನಿಧನರಾದರು. ನಾಸಿಕದ ಬಳಿಯ ಆರೋಗ್ಯಧಾಮವು 1964ರವರೆಗೆ ಅವರ ಹೆಸರನ್ನು ಹೊತ್ತಿದ್ದಿತು.

ಊರಿನಿಂದ ದೂರ ಬಂದವರು ಮುಂಬಯಿಯಲ್ಲಿ ಕಟ್ಟಿದ ಸಂಘಗಳ ಚರಿತ್ರೆಯನ್ನು ಬರೆಯುವವರಿಗೂ ಇದರಲ್ಲೊಂದು ಪಾಠವಿದೆ. ಕಾರ್ಯಕಾರಿ ಸಮಿತಿಗಳ ಪಟ್ಟಿಯಲ್ಲಿ ಕಾಣದ ಜಯಂತೀಬಾಯಿಯಂಥವರು ಪ್ರತಿಯೊಂದು ಸಂಘದ ಹಿಂದೆಯೂ ಇದ್ದಾರು. ಅವರನ್ನು ಅರಸಬೇಕಾದುದು ಮನೆಗಳ ಕಾಗದಪತ್ರಗಳಲ್ಲಿ, ಶಾಲೆ ಆಸ್ಪತ್ರೆಗಳ ದಫ್ತರಗಳಲ್ಲಿ, ನ್ಯಾಯಾಲಯದ ತೀರ್ಪುಗಳಲ್ಲಿ. ಕಾರವಾರದ ಹಕ್ಕಿಗೆ ದೊರೆತಷ್ಟು ಸ್ಮರಣೆಯಾದರೂ ಅವರಿಗೆ ದೊರೆಯುವುದು ನ್ಯಾಯ.