‘ಶಾರದಾ’ ನಾಟಕದಲ್ಲಿ ಕನ್ಯೆಯ ಸಮ್ಮತಿ

ಮರಾಠೀ ರಂಗಭೂಮಿಯ ಸಾಮಾಜಿಕ ನಾಟಕಗಳಲ್ಲಿ ಗೋವಿಂದ ಬಲ್ಲಾಳ ದೇವಲರ ‘ಸಂಗೀತ ಶಾರದಾ’ ಅಗ್ರಗಣ್ಯವಾದುದು. 1899ರಲ್ಲಿ ಇದನ್ನು ಮೊದಲು ಆಡಿದ ಕಿರ್ಲೋಸ್ಕರ ನಾಟಕ ಮಂಡಳಿಯ ಸ್ಥಾಪಕರಾದ ಅಣ್ಣಾಸಾಹೇಬ ಕಿರ್ಲೋಸ್ಕರರು ಬೆಳಗಾವಿ ಜಿಲ್ಲೆಯ ಗುರ್ಲಹೊಸೂರಿನವರು; ದೇವಲರು ಅವರ ಶಿಷ್ಯರು. ವೃದ್ಧವಿವಾಹ ಕನ್ಯಾವಿಕ್ರಯಗಳ ಖಂಡನೆಯೆಂದು ಈ ಕೃತಿಯು ಪ್ರಸಿದ್ಧವಾಗಿರುವುದು ಯುಕ್ತವೇ ಆಗಿದೆ. ಆದರೂ ಇದರಲ್ಲಿ ಬಾಲೆಯು ಯಾವ ಬಲದಿಂದ ಪಾರಾದಳೆಂಬುದು ವಿಚಾರಾರ್ಹವಾದ ಅಂಶವು.

ಧನಿಕನೂ ವಿಧುರನೂ ಆದ ಮುದುಕ ಭುಜಂಗನಾಥನಿಗೆ ಮರುಮದುವೆಯ ಹಂಬಲ. ದಲ್ಲಾಳಿ ಭದ್ರೇಶ್ವರ ದೀಕ್ಷಿತನು ಸಂಬಂಧ ಕುದುರಿಸುತ್ತಾನೆ. ಕಾಂಚನಭಟ್ಟನು ಹಣದಾಸೆಯಿಂದ ಮಗಳು ಶಾರದೆಯನ್ನು ಕೊಡಲೊಪ್ಪುತ್ತಾನೆ. ತಾಯಿಯ ಮರುಕಕ್ಕಾಗಲಿ, ಮಗಳ ಕಣ್ಣೀರಿಗಾಗಲಿ ಆ ಮನೆಯಲ್ಲಿ ಬೆಲೆಯಿಲ್ಲ. ಮುದುಕನ ಶೃಂಗಾರಚೇಷ್ಟೆಗಳಿಗೂ ದೀಕ್ಷಿತನ ಮಾತಿನ ಚಮತ್ಕಾರಕ್ಕೂ ಸಭಿಕರು ನಗುತ್ತಿರುವಾಗಲೇ ವಿವಾಹದ ಸಿದ್ಧತೆಯು ಸಾಗುತ್ತದೆ. ಕಡೆಗೆ ಅದನ್ನು ನಿಲ್ಲಿಸುವವನು ತರುಣ ಕೋದಂಡನು. ಅವನ ಕೈಯ ಆಯುಧವಾದರೋ ವಧೂವರರು ಸಗೋತ್ರದವರೆಂಬ ಶಾಸ್ತ್ರದ ಆಕ್ಷೇಪಣೆ. ಮದುವೆ ಮುರಿದರೂ ಶಾರದೆಗೆ ನೆಮ್ಮದಿಯಿಲ್ಲ. ತನಗೆ ಮುಂದೆ ಗತಿಯಿಲ್ಲವೆಂದು ಆಕೆಯು ಪ್ರಾಣತ್ಯಾಗಕ್ಕೆ ಹೊರಡುತ್ತಾಳೆ. ಕೋದಂಡನು ತಡೆದು ಕೈಹಿಡಿಯಲು ಒಪ್ಪುತ್ತಾನೆ. ಅದಕ್ಕೂ ಶಂಕರಾಚಾರ್ಯರ ಅನುಮತಿ ಬೇಕಾಗುತ್ತದೆ. ಹೀಗೆ ತಂದೆ, ವರ, ದಲ್ಲಾಳಿ, ಉದ್ಧಾರಕ, ಗುರು ಎಲ್ಲರೂ ಪುರುಷರೇ. ಅಂದಿನ ರಂಗದ ಮೇಲೆ ಶಾರದೆಯ ಅಳಲನ್ನು ಹಾಡಿದ ಕಂಠವೂ ಪುರುಷನದೇ. ಬಾಲಗಂಧರ್ವರೂ ಈ ಪಾತ್ರವನ್ನು ವಹಿಸಿದ್ದರು.

ಈ ಬಗೆಯ ವಿವಾಹವನ್ನು ರಾಜಶಾಸನದಿಂದ ತಡೆಯುವ ಯತ್ನವು ನಾಟಕಕ್ಕಿಂತ ಹಿಂದೆಯೇ ಮೈಸೂರು ಸಂಸ್ಥಾನದಲ್ಲಿ ನಡೆದಿತ್ತು. 1894ರ ನಿಬಂಧನೆಯು 8 ವರ್ಷದೊಳಗಿನ ಬಾಲಿಕೆಯರ ವಿವಾಹವನ್ನೂ, 50 ವರ್ಷ ಮೀರಿದ ಪುರುಷನು 14 ವರ್ಷದೊಳಗಿನ ಕನ್ಯೆಯನ್ನು ವರಿಸುವುದನ್ನೂ ನಿಷೇಧಿಸಿತು. ಬ್ರಿಟಿಷ್ ಇಂಡಿಯಾದಲ್ಲಿ 1929ರ ಶಾಸನವು ಕನ್ಯೆಗೆ 14, ವರನಿಗೆ 18 ವರ್ಷಗಳ ಮಿತಿಯನ್ನು ಗೊತ್ತುಮಾಡಿತು. ಅದಕ್ಕೆ ‘ಶಾರದಾ ಕಾಯಿದೆ’ ಎಂಬ ರೂಢಿನಾಮವು ಬಂದುದು ಅದನ್ನು ಮಂಡಿಸಿದ ಹರಬಿಲಾಸ ಶಾರದಾ ಅವರಿಂದ. ನಾಟಕದ ಹೆಸರಿನೊಡನೆ ಅದು ಕೂಡಿಬಂದುದು ಕಾಕತಾಳೀಯ. ಆ ಕಾಯಿದೆಯೂ ಅಪರಾಧಿಗಳನ್ನು ದಂಡಿಸುತ್ತಿತ್ತೇ ಹೊರತು ನಡೆದುಹೋದ ಮದುವೆಯನ್ನು ಅಸಿಂಧುಗೊಳಿಸುತ್ತಿರಲಿಲ್ಲ.

1946ರಲ್ಲಿ ಸಗೋತ್ರ ವಿವಾಹದ ಮೇಲಿದ್ದ ತಡೆಯನ್ನೇ ಶಾಸನವು ತೆಗೆದುಹಾಕಿತು. ಶಾರದೆಯನ್ನು ರಕ್ಷಿಸಿದ ಆಕ್ಷೇಪಣೆಯು ಅಲ್ಲಿಗೆ ಬಲಗುಂದಿತು. ಭುಜಂಗನಾಥನು ಬೇರೆ ಗೋತ್ರದವನಾಗಿದ್ದರೆ ಆಕೆಯ ಗತಿಯೇನು? ನಾಟಕವು ಈ ಪ್ರಶ್ನೆಯನ್ನು ಬಾಯಿಬಿಟ್ಟು ಕೇಳುವುದಿಲ್ಲ. ಆದರೆ ಶಾಸ್ತ್ರದ ಆಸರೆಯು ಸರಿದಮೇಲೆ ಉಳಿಯುವುದು ‘ಒಲ್ಲೆ’ ಎಂಬ ಕನ್ಯೆಯ ಮಾತೊಂದೇ. ದೇವಲರು ಆ ಮಾತಿಗೆ ಗೆಲವನ್ನು ಕೊಡಲಾರದೆ ಹೋದರೂ, ಸಭೆಯೆಲ್ಲ ಕೇಳುವಂತೆ ಅದಕ್ಕೆ ದನಿಯನ್ನು ಕೊಟ್ಟರು. ಕೃತಿಯ ಹಿರಿಮೆಯು ಅದರ ಮಂಗಳಾಂತ್ಯಕ್ಕಿಂತ ಹೆಚ್ಚಾಗಿ ಈ ದನಿಯಲ್ಲಿದೆ.